ಜಿನ್: ಕಾಣದ ನೆರೆಕರೆಯವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವನು. ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಬೇಲಿಯಾಚೆಯ ಮನೆಯಲ್ಲಿ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆ ಕೇಳಿ ಬೆಳೆದವನು. ಜಿನ್ನಿನ ಕಥೆ ನನಗೆ ಮೊದಲು ಸಿಕ್ಕಿದ್ದು ಪುಸ್ತಕದಲ್ಲಲ್ಲ, ಆ ಬೇಲಿಯಾಚೆಯ ಉಮ್ಮನ (ಉಮ್ಮ ಅಂದರೆ ಬ್ಯಾರಿಯಲ್ಲಿ ಅಮ್ಮ) ಹಿತ್ತಿಲ ಜಗಲಿಯಲ್ಲಿ. ಈಗ ಶನಿವಾರ ಊರಿನ ವಾಚನಾಲಯದಲ್ಲಿ ಮಕ್ಕಳಿಗೆ ಕಥೆ ಹೇಳುತ್ತೇನೆ. ಆ ಮಕ್ಕಳೂ, ಅವರನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರೂ, ಫ್ಯಾಂಟಸಿ ಬರೆಯಬೇಕು ಅಂತ ಹೊರಟ ಕಾಲೇಜು ಹುಡುಗ ಹುಡುಗಿಯರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಜಿನ್ ಅಂದರೆ ದೆವ್ವ ತಾನೇ?

ಅಲ್ಲ. ಇದೊಂದು ತಿಳಿದರೆ ಉಳಿದದ್ದರಲ್ಲಿ ಅರ್ಧ ತಿಳಿದ ಹಾಗೆ. ದೆವ್ವ ಅಂದರೆ ಸತ್ತವರು. ತುಳುವಿನಲ್ಲಿ ಕುಲೆ ಅನ್ನುತ್ತೇವಲ್ಲ, ಅದು. ಬದುಕಿದ್ದಾಗ ಮನುಷ್ಯ, ಸತ್ತ ಮೇಲೆ ಕುಲೆ. ಜಿನ್ ಯಾವತ್ತೂ ಮನುಷ್ಯನಾಗಿರಲಿಲ್ಲ. ನಂಬಿಕೆಯ ಪ್ರಕಾರ ಅದು ಬೇರೆಯೇ ಒಂದು ಕುಲ. ಅವರೂ ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ಉಣ್ಣುತ್ತಾರೆ, ಜಗಳವಾಡುತ್ತಾರೆ, ಸಾಯುತ್ತಾರೆ. ಒಳ್ಳೆಯವರೂ ಇದ್ದಾರೆ, ಕೆಟ್ಟವರೂ ಇದ್ದಾರೆ. ನಮಗೆ ಅವರು ಕಾಣುವುದಿಲ್ಲ, ಅವರಿಗೆ ನಾವು ಕಾಣುತ್ತೇವೆ, ಅಷ್ಟೇ.

ಉಮ್ಮ ಅನ್ನ ಬಸಿದ ಬಿಸಿ ಗಂಜಿತಿಳಿಯನ್ನು ಹಿತ್ತಿಲಿಗೆ ಚೆಲ್ಲುವ ಮೊದಲು ಒಂದು ಕ್ಷಣ ನಿಂತು "ಬಿಸ್ಮಿಲ್ಲಾ" ಅನ್ನುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಅಲ್ಲಿ ಯಾರಾದರೂ ಕೂತಿದ್ದರೆ ಎದ್ದು ಹೋಗಲಿ ಮೋನೇ, ಅವರ ಮಕ್ಕಳ ಮೇಲೆ ಬಿದ್ದರೆ ಸುಡುವುದಿಲ್ವಾ" ಅಂದಿದ್ದರು. ಅರಬ್ ನಾಡುಗಳಲ್ಲೂ ಬಿಸಿನೀರು ಚೆಲ್ಲುವಾಗ ಹೀಗೇ ಹೇಳುವ ರೂಢಿ ಇದೆ ಅಂತ ಎಷ್ಟೋ ವರ್ಷ ಆದ ಮೇಲೆ ಓದಿ ತಿಳಿದೆ. ನನಗೆ ಅವತ್ತು ಹೆದರಿಕೆ ಆಗಲಿಲ್ಲ. ಹಿತ್ತಿಲಲ್ಲಿ ಯಾರದ್ದೋ ಸಂಸಾರ ಇದೆ ಅನ್ನಿಸಿತು. ಜಿನ್ ಅಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಅದೇ.

ಜಿನ್, ಜಿನ್ನಿ, ಜೀನಿ, ಜಿನ್ನ್. ಯಾವುದು ಸರಿ?

ಅರಬ್ಬಿಯಲ್ಲಿ ಜಿನ್ನ್ ಅಂದರೆ ಇಡೀ ಕುಲ, ಜಿನ್ನೀ ಅಂದರೆ ಅದರಲ್ಲಿ ಒಬ್ಬ. ಬ್ಯಾರಿಯಲ್ಲೂ ಮಲಯಾಳದಲ್ಲೂ ಜಿನ್ನ್ ಅಂತಲೇ ಹೇಳುತ್ತಾರೆ. ಕನ್ನಡದಲ್ಲಿ ಜಿನ್ ಅಂತ ಬರೆದರೆ ಸಾಕು. ಅರಬ್ಬಿಯ ಜ, ನ, ನ ಅನ್ನುವ ಮೂಲದಿಂದ ಬಂದ ಮಾತಿದು, ಅರ್ಥ "ಮರೆಯಾಗಿರುವುದು". ಇದೇ ಮೂಲದಿಂದ ಹುಟ್ಟಿದ ಬೇರೆ ಮಾತುಗಳನ್ನು ನೋಡಿ. ಹೊಟ್ಟೆಯೊಳಗೆ ಮರೆಯಾಗಿರುವ ಕೂಸು ಜನೀನ್. ಮರಗಳ ನೆರಳಲ್ಲಿ ಮುಚ್ಚಿಕೊಂಡ ತೋಟ, ಅಂದರೆ ಸ್ವರ್ಗ, ಜನ್ನತ್. ಬುದ್ಧಿಗೆ ಮುಸುಕು ಬಿದ್ದವನು ಮಜ್ನೂನ್. ಲೈಲಾ ಮಜ್ನೂನ್ ಕಥೆಯ ಮಜ್ನೂನನಿಗೂ ನಮ್ಮ ಜಿನ್ನಿಗೂ ಮಾತಿನ ಬೇರು ಒಂದೇ.

ಜೀನಿ ಬಂದದ್ದು ಬೇರೆ ದಾರಿಯಿಂದ. 18ನೇ ಶತಮಾನದ ಶುರುವಿನಲ್ಲಿ ಆಂಟ್ವಾನ್ ಗಲಾಂ ಎಂಬ ಫ್ರೆಂಚ್ ವಿದ್ವಾಂಸ ಅರೇಬಿಯನ್ ರಾತ್ರಿಗಳ ಕಥೆಗಳನ್ನು ಫ್ರೆಂಚಿಗೆ ತಂದಾಗ ಜಿನ್ನಿಗೆ "ಜೆನಿ" ಅನ್ನುವ ಪದ ಹಾಕಿದ. ಅದು ಫ್ರೆಂಚಿನಲ್ಲಿ ಮೊದಲೇ ಇದ್ದ, ಲ್ಯಾಟಿನ್‌ನಿಂದ ಬಂದ, ಕಾವಲು ಶಕ್ತಿ ಅನ್ನುವ ಅರ್ಥದ ಪದ. ಕೇಳಲು ಜಿನ್ನಿಯ ಹಾಗೇ ಇತ್ತು, ಅರ್ಥವೂ ಹತ್ತಿರ ಇತ್ತು, ಹಾಗೆ ಅಂಟಿಕೊಂಡಿತು. ಇಂಗ್ಲಿಷಿನ ಜೀನಿ ಅದರಿಂದ ಬಂತು.

ಕುಡಿಯುವ ಜಿನ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಅದು ಜುನಿಪರ್ ಕಾಯಿಯ ಹೆಸರಿನಿಂದ ಬಂದದ್ದು.

ಇಸ್ಲಾಂ ಬರುವ ಮೊದಲೇ ಜಿನ್ ಇತ್ತಾ?

ಇತ್ತು. ಮರುಭೂಮಿಯ ಅರಬರು ಬಾವಿ, ಕಣಿವೆ, ಪಾಳು ಬಿದ್ದ ಊರು, ಒಂಟಿ ಮರ, ಇಂಥ ಕಡೆಯೆಲ್ಲ ಜಿನ್ ಇದೆ ಅಂತ ನಂಬಿದ್ದರು. ರಾತ್ರಿ ಕಣಿವೆಯಲ್ಲಿ ತಂಗುವವರು ಆ ಜಾಗದ ಜಿನ್ ಒಡೆಯನ ಆಸರೆ ಬೇಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಕಾಡಿಗೆ ಹೋಗುವಾಗ ಅಲ್ಲಿನ ದೈವಕ್ಕೆ ಕೈ ಮುಗಿದು ಹೋಗುವ ಹಾಗೆ.

ಪ್ರತಿ ಕವಿಗೂ ಒಬ್ಬ ಜಿನ್ ಇರುತ್ತಾನೆ, ಪದ್ಯವನ್ನು ಕಿವಿಯಲ್ಲಿ ಉಸುರುವವನು ಅವನೇ ಅಂತಲೂ ಹೇಳುತ್ತಿದ್ದರು. ಅಬ್ಕರ್ ಅನ್ನುವ ಒಂದು ಕಣಿವೆ ಜಿನ್‌ಗಳ ನೆಲೆ ಅಂತ ನಂಬಿಕೆ ಇತ್ತು. ಇವತ್ತಿಗೂ ಅರಬ್ಬಿಯಲ್ಲಿ ಮಹಾ ಪ್ರತಿಭಾವಂತನಿಗೆ ಅಬ್ಕರಿ ಅನ್ನುತ್ತಾರೆ, ಅಂದರೆ ಅಬ್ಕರ್ ಕಣಿವೆಯವನು. ಈ ಒಂದು ಪದಕ್ಕೆ ನಾನು ಮನಸೋತಿದ್ದೇನೆ.

ಕುರ್‌ಆನ್‌ನಲ್ಲಿ ಜಿನ್ ಬಗ್ಗೆ ಏನಿದೆ?

ತುಂಬಾ ಇದೆ. 72ನೇ ಅಧ್ಯಾಯದ ಹೆಸರೇ ಅಲ್ ಜಿನ್, ಅದರಲ್ಲಿ 28 ವಚನಗಳಿವೆ. ಜಿನ್‌ಗಳ ಒಂದು ಗುಂಪು ಕುರ್‌ಆನ್ ಓದುವುದನ್ನು ಕೇಳಿ, ಬೆರಗಾಗಿ, ನಂಬುವ ಪ್ರಸಂಗ ಅಲ್ಲಿ ಬರುತ್ತದೆ. ಅವರೇ ಹೇಳಿಕೊಳ್ಳುತ್ತಾರೆ: ನಮ್ಮಲ್ಲಿ ಒಳ್ಳೆಯವರೂ ಇದ್ದಾರೆ, ಅಲ್ಲದವರೂ ಇದ್ದಾರೆ, ನಾವು ಬೇರೆ ಬೇರೆ ದಾರಿ ಹಿಡಿದವರು ಅಂತ. ಮೊದಲು ಆಕಾಶದ ಬಳಿ ಕೂತು ಕದ್ದು ಕೇಳುತ್ತಿದ್ದೆವು, ಈಗ ಹಾಗೆ ಕೇಳಲು ಹೋದರೆ ಬೆಂಕಿಯ ಉಲ್ಕೆ ಕಾದಿರುತ್ತದೆ ಅಂತಲೂ ಹೇಳುತ್ತಾರೆ. ನಕ್ಷತ್ರ ಜಾರಿದರೆ ಅದು ಕದ್ದು ಕೇಳುವ ಜಿನ್ನಿಗೆ ಬಿದ್ದ ಏಟು ಅಂತ ಉಮ್ಮನ ಮನೆಯಲ್ಲಿ ಹೇಳುತ್ತಿದ್ದ ಮಾತು ಇಲ್ಲಿಂದ ಬಂದದ್ದು ಅಂತ ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ.

55ನೇ ಅಧ್ಯಾಯದ ಪ್ರಕಾರ ಮನುಷ್ಯ ಜೇಡಿಮಣ್ಣಿನಿಂದ ಆದವನು, ಜಿನ್ ಹೊಗೆಯಿಲ್ಲದ ಬೆಂಕಿಯಿಂದ ಆದದ್ದು. ದೇವಚರರು, ಅಂದರೆ ಏಂಜೆಲ್ಲುಗಳು, ಬೆಳಕಿನಿಂದ ಆದವರು ಅನ್ನುವುದು ಪ್ರವಾದಿ ಮುಹಮ್ಮದರ ನುಡಿ ನಡೆಗಳ ದಾಖಲೆಯಾದ ಹದೀಸ್‌ನಲ್ಲಿ ಬರುತ್ತದೆ. ಇಬ್ಲೀಸ್, ಅಂದರೆ ಸೈತಾನ, ಜಿನ್‌ಗಳಲ್ಲಿ ಒಬ್ಬನಾಗಿದ್ದ ಅನ್ನುವ ಮಾತು 18ನೇ ಅಧ್ಯಾಯದಲ್ಲಿದೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಜಿನ್‌ಗೂ ಮನುಷ್ಯನ ಹಾಗೇ ಆಯ್ಕೆ ಇದೆ, ಲೆಕ್ಕ ಒಪ್ಪಿಸುವ ದಿನವೂ ಇದೆ. ಹುಟ್ಟಿನಿಂದಲೇ ಕೆಟ್ಟದ್ದು ಅಂತ ಯಾವ ಜಿನ್ನಿಗೂ ಹಣೆಪಟ್ಟಿ ಇಲ್ಲ. ಸಿನಿಮಾದವರು ಮರೆಯುವುದು ಇದನ್ನೇ.

ಸುಲೈಮಾನ್ ರಾಜನಿಗೂ ಜಿನ್‌ಗಳಿಗೂ ಏನು ಸಂಬಂಧ?

ದೇವರು ಜಿನ್‌ಗಳನ್ನು ಸುಲೈಮಾನನ ಕೈಕೆಳಗೆ ಕೊಟ್ಟಿದ್ದ ಅನ್ನುತ್ತದೆ ಕುರ್‌ಆನ್. ಅವು ಅವನಿಗೆ ಕಟ್ಟಡ ಕಟ್ಟುತ್ತಿದ್ದವು, ಕೆರೆಯಷ್ಟು ದೊಡ್ಡ ತೊಟ್ಟಿ, ಅಲುಗಾಡದ ಹಂಡೆ ಎಲ್ಲ ಮಾಡಿ ಕೊಡುತ್ತಿದ್ದವು. ಶೇಬಾ ರಾಣಿಯ ಸಿಂಹಾಸನ ಯಾರು ತರುತ್ತೀರಿ ಅಂತ ಅವನು ಕೇಳಿದಾಗ ಒಬ್ಬ ಇಫ್ರೀತ್, ಅಂದರೆ ಬಲಶಾಲಿ ಜಿನ್, ಎದ್ದು, ನೀವು ಕೂತಲ್ಲಿಂದ ಏಳುವ ಮೊದಲು ತರುತ್ತೇನೆ ಅನ್ನುತ್ತಾನೆ. ಅವನಿಗಿಂತ ಜಾಸ್ತಿ ತಿಳಿದ ಇನ್ನೊಬ್ಬ ಕಣ್ಣು ಮಿಟುಕಿಸುವುದರೊಳಗೆ ತರುತ್ತೇನೆ ಅನ್ನುತ್ತಾನೆ.

ನನಗೆ ಎಲ್ಲಕ್ಕಿಂತ ಇಷ್ಟ ಅವನ ಸಾವಿನ ಕಥೆ. ಸುಲೈಮಾನ್ ಕೋಲಿಗೆ ಒರಗಿ ನಿಂತಲ್ಲೇ ತೀರಿಕೊಂಡ. ಜಿನ್‌ಗಳಿಗೆ ತಿಳಿಯಲಿಲ್ಲ. ರಾಜ ನೋಡುತ್ತಿದ್ದಾನೆ ಅಂತ ದುಡಿಯುತ್ತಲೇ ಇದ್ದವು. ಕೊನೆಗೆ ಮಣ್ಣಿನ ಹುಳ, ಗೆದ್ದಲು, ಆ ಕೋಲನ್ನು ತಿಂದು ತಿಂದು ಅವನ ದೇಹ ಕೆಳಗೆ ಬಿದ್ದಾಗಲೇ ಗೊತ್ತಾಯಿತು. ಕಾಣದ್ದನ್ನು ತಿಳಿಯುವ ಶಕ್ತಿ ತಮಗಿದ್ದಿದ್ದರೆ ಇಷ್ಟು ದಿನ ಈ ಕಷ್ಟ ಪಡಬೇಕಿತ್ತಾ ಅಂತ ಜಿನ್‌ಗಳಿಗೆ ಆಗ ಅನ್ನಿಸಿತಂತೆ. ಮಳೆಗಾಲ ಕಳೆದ ಮೇಲೆ ಮಾಡಿನ ಪಕ್ಕಾಸು ತಟ್ಟಿ ಗೆದ್ದಲು ನೋಡುವ ನಮ್ಮೂರಿನವರಿಗೆ ಈ ಕಥೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. ಇನ್ನೊಂದು ಮಾತು. ಕಳೆದುಹೋದ ಚಿನ್ನ ಎಲ್ಲಿದೆ, ಮಗಳ ಮದುವೆ ಯಾವಾಗ ಅಂತ ಜಿನ್ನಿನ ಕೈಲಿ ಕೇಳಿ ಹೇಳುತ್ತೇನೆ ಅನ್ನುವವರ ಹತ್ತಿರ ಹೋಗುವ ಮೊದಲು ಈ ಕಥೆ ನೆನಪಿಸಿಕೊಳ್ಳಿ. ಪಕ್ಕದಲ್ಲೇ ನಿಂತ ರಾಜ ಸತ್ತದ್ದು ಅವಕ್ಕೆ ಗೊತ್ತಾಗಲಿಲ್ಲ.

ಜಿನ್‌ಗಳಲ್ಲಿ ಎಷ್ಟು ಬಗೆ?

ಪಕ್ಕಾ ಪಟ್ಟಿ ಅಂತ ಇಲ್ಲ, ಊರಿಗೊಂದು ಥರ. ಇಫ್ರೀತ್ ಬಲಶಾಲಿ, ಚಾಲಾಕಿ. ಮಾರಿದ್ ಅಂದರೆ ಯಾರ ಮಾತೂ ಕೇಳದ ದಂಗೆಕೋರ. ಘೂಲ್ ಮರುಭೂಮಿಯಲ್ಲಿ ರೂಪ ಬದಲಿಸಿ ದಾರಿಹೋಕರನ್ನು ದಾರಿ ತಪ್ಪಿಸುವಂಥದ್ದು. ಯುರೋಪಿನವರು ಅದನ್ನು ಹೆಣ ತಿನ್ನುವ ಪಿಶಾಚಿ ಮಾಡಿದ್ದು ಆಮೇಲೆ. ಖರೀನ್ ಅಂತ ಒಂದಿದೆ, ಅದು ಪ್ರತಿ ಮನುಷ್ಯನ ಜೊತೆಗೂ ಇರುವ ಜೊತೆಗಾರ.

ಗೇಮ್ ಆಡುವ ಹುಡುಗರು ಬಂದು ಜಿನ್ ಗಾಳಿಯದ್ದು, ಇಫ್ರೀತ್ ಬೆಂಕಿಯದ್ದು, ಮಾರಿದ್ ನೀರಿನದ್ದು ಅಲ್ವಾ ಅಂತ ಕೇಳುತ್ತಾರೆ. ಅದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಟದವರು ಮಾಡಿಕೊಂಡ ವಿಂಗಡಣೆ. ಆಟಕ್ಕೆ ಚೆನ್ನಾಗಿದೆ. ಹಳೆಯ ನಂಬಿಕೆಯಲ್ಲಿ ಹಾಗಿಲ್ಲ.

ಅವು ಏನು ತಿನ್ನುತ್ತವೆ, ಎಲ್ಲಿರುತ್ತವೆ?

ಮೂಳೆ ಅವರ ಆಹಾರ, ಸಗಣಿ ಅವರ ದನಕರುಗಳ ಮೇವು ಅಂತ ಹದೀಸ್‌ನಲ್ಲಿದೆ. ಅದಕ್ಕೇ ಶೌಚ ಮಾಡಿಕೊಳ್ಳಲು ಅವೆರಡನ್ನೂ ಬಳಸಬಾರದು ಅನ್ನುತ್ತಾರೆ. ಅವರಿಗೂ ದನಕರು ಇದೆ ಅನ್ನುವುದನ್ನು ನೋಡಿ! ಕೊಟ್ಟಿಗೆ ಇರುವ ಕುಲ ಅದು.

ಇರುವುದು ಪಾಳುಮನೆ, ಬಾವಿ, ಬಚ್ಚಲು, ಸ್ಮಶಾನ, ಅಡ್ಡದಾರಿಗಳಲ್ಲಿ. ಹೊತ್ತು ಮುಳುಗುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಅಂತಲೂ ಹದೀಸ್‌ನಲ್ಲಿದೆ. ಮಗ್ರಿಬ್ ಬಾಂಗು ಕೇಳಿದೊಡನೆ ಉಮ್ಮ ಮಕ್ಕಳನ್ನು ಕೂಗುತ್ತಿದ್ದರು. ಇತ್ತ ನಮ್ಮಜ್ಜಿ ದೀಪ ಹಚ್ಚುತ್ತಾ "ಮುಸ್ಸಂಜೆಯಾಯ್ತು, ಒಳಗೆ ಬಾ" ಅನ್ನುತ್ತಿದ್ದರು. ಬೇಲಿಯ ಎರಡು ಕಡೆಯೂ ಆಟ ಒಂದೇ ಹೊತ್ತಿಗೆ ನಿಲ್ಲುತ್ತಿತ್ತು.

ಹಾವಿನ ವಿಷಯವೂ ಇದೆ. ಮನೆಯೊಳಗೆ ಕಂಡ ಹಾವು ಜಿನ್ ಆಗಿರಬಹುದು, ಕೊಲ್ಲುವ ಮೊದಲು ಮೂರು ದಿನ ಎಚ್ಚರಿಕೆ ಕೊಡಿ ಅನ್ನುವ ಮಾತು ಮದೀನಾದ ಮನೆಗಳ ಬಗ್ಗೆ ಹದೀಸ್‌ನಲ್ಲಿ ಬರುತ್ತದೆ. ನಾಗಬನದ ಒಣಗಿದ ಕೊಂಬೆಯನ್ನೂ ಮುರಿಯದ ಊರಿನಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಜಿನ್ ಹೆಸರು ರಾತ್ರಿ ಹೇಳಬಾರದಾ?

ಎಷ್ಟೋ ಕಡೆ ಹೇಳುವುದಿಲ್ಲ. ಟರ್ಕಿಯಲ್ಲಿ "ಮೂರು ಅಕ್ಷರದವರು" ಅನ್ನುತ್ತಾರೆ, ಅವರ ಲಿಪಿಯಲ್ಲಿ ಆ ಪದಕ್ಕೆ ಮೂರೇ ಅಕ್ಷರ. ನಮ್ಮಲ್ಲಿ ರಾತ್ರಿ ಹಾವು ಅನ್ನದೆ ಹುಳ ಅನ್ನುವ ಹಾಗೆ.

ಮೂರು ವರ ಕೊಡುವುದು ನಿಜವಾದ ಕಥೆಯಲ್ಲಿ ಇದೆಯಾ?

ಅಲ್ಲಾದೀನನ ಕಥೆಯಲ್ಲಿ ಇಲ್ಲ. ಅಲ್ಲಿ ಎರಡು ಜಿನ್‌ಗಳಿವೆ, ಒಂದು ಉಂಗುರದ್ದು, ಒಂದು ದೀಪದ್ದು. ಇಷ್ಟೇ ಸಲ ಕೇಳಬಹುದು ಅನ್ನುವ ಲೆಕ್ಕ ಇಲ್ಲ. ಮೊದಲು ತಾಯಿ ಮಗ ಕೇಳುವುದು ಏನು ಗೊತ್ತಾ? ಊಟ. ಹಸಿವಾಗಿದೆ ಅಂತ. ಜಿನ್ ಬೆಳ್ಳಿಯ ತಟ್ಟೆಗಳಲ್ಲಿ ಊಟ ತರುತ್ತದೆ, ಉಂಡ ಮೇಲೆ ಅಲ್ಲಾದೀನ್ ಆ ತಟ್ಟೆಗಳನ್ನು ಒಂದೊಂದಾಗಿ ಮಾರಿ ಮನೆ ನಡೆಸುತ್ತಾನೆ. ಅರಮನೆ, ರಾಜಕುಮಾರಿ ಎಲ್ಲ ಆಮೇಲೆ.

ಇನ್ನೊಂದು ಸಂಗತಿ. ಈ ಕಥೆ ಹಳೆಯ ಅರಬ್ಬಿ ಹಸ್ತಪ್ರತಿಯಲ್ಲಿ ಇರಲಿಲ್ಲ. ಗಲಾಂನ ಮೊದಲ ಸಂಪುಟ 1704ರಲ್ಲಿ ಬಂತು. 1709ರಲ್ಲಿ ಅಲೆಪ್ಪೊ ಊರಿನ ಹನ್ನಾ ದಿಯಾಬ್ ಎಂಬ ಕ್ರೈಸ್ತ ಯುವಕ ಪ್ಯಾರಿಸ್‌ನಲ್ಲಿ ಅವನಿಗೆ ಬಾಯಿಂದ ಹೇಳಿದ ಕಥೆಗಳಲ್ಲಿ ಅಲ್ಲಾದೀನನದ್ದೂ ಆಲಿಬಾಬಾನದ್ದೂ ಇದ್ದವು. ಗಲಾಂ ತನ್ನ ದಿನಚರಿಯಲ್ಲಿ ಬರೆದುಕೊಂಡ, ಪುಸ್ತಕಕ್ಕೆ ಸೇರಿಸಿದ, ಆದರೆ ಹೇಳಿದವನ ಹೆಸರನ್ನು ಪುಸ್ತಕದಲ್ಲಿ ಹಾಕಲಿಲ್ಲ. ಇದು ನನಗೆ ಈಗಲೂ ಬೇಸರದ ಸಂಗತಿ. ಇಡೀ ಲೋಕ ಕೇಳಿದ ಕಥೆ, ಕಥೆಗಾರನ ಹೆಸರು ಮಾತ್ರ ತುಂಬಾ ಕಾಲ ಯಾರಿಗೂ ಗೊತ್ತಿರಲಿಲ್ಲ. ಅಂದ ಹಾಗೆ ಆ ಕಥೆಯಲ್ಲಿ ಅಲ್ಲಾದೀನನ ಊರು ಚೀನಾದಲ್ಲಿದೆ.

ಮೂರು ವರದ ಮಾತು ಬರುವುದು ಅದೇ ಅರೇಬಿಯನ್ ರಾತ್ರಿಗಳ ಮೀನುಗಾರನ ಕಥೆಯಲ್ಲಿ, ಅದೂ ಕೈಗೆ ಸಿಗದ ವರವಾಗಿ. ಬಡ ಮೀನುಗಾರ, ದಿನಕ್ಕೆ ನಾಲ್ಕೇ ಸಲ ಬಲೆ ಬೀಸುವ ನೇಮ. ಮೊದಲು ಸತ್ತ ಕತ್ತೆ, ಆಮೇಲೆ ಕೆಸರು ತುಂಬಿದ ಮಡಕೆ, ಆಮೇಲೆ ಒಡಕು ಚೂರು. ನಾಲ್ಕನೇ ಸಲ ಸುಲೈಮಾನನ ಮುದ್ರೆ ಒತ್ತಿ ಸೀಸದಿಂದ ಮುಚ್ಚಿದ ತಾಮ್ರದ ಕೊಡ. ತೆರೆದರೆ ಹೊಗೆ, ಹೊಗೆಯಿಂದ ಜಿನ್, ಕೊಲ್ಲುತ್ತೇನೆ ಅನ್ನುತ್ತದೆ. ಯಾಕೆ? ಮೊದಲ ನೂರು ವರ್ಷ ಬಿಡಿಸಿದವನನ್ನು ಸಿರಿವಂತ ಮಾಡುತ್ತೇನೆ ಅಂದುಕೊಂಡೆ, ಯಾರೂ ಬರಲಿಲ್ಲ. ಮುಂದಿನ ನೂರು ವರ್ಷ ಭೂಮಿಯೊಳಗಿನ ನಿಧಿ ತೆರೆದು ಕೊಡುತ್ತೇನೆ ಅಂದುಕೊಂಡೆ, ಬರಲಿಲ್ಲ. ಆಮೇಲೆ ಮೂರು ವರ ಕೊಡುತ್ತೇನೆ ಅಂದುಕೊಂಡೆ, ಆಗಲೂ ಯಾರೂ ಬರಲಿಲ್ಲ. ಕೊನೆಗೆ ಸಿಟ್ಟು ಬಂದು, ಬಿಡಿಸಿದವನನ್ನು ಕೊಲ್ಲುತ್ತೇನೆ ಅಂತ ಆಣೆ ಇಟ್ಟೆ. ಮೀನುಗಾರ ಜಾಣ. ಇಷ್ಟು ದೊಡ್ಡ ನೀನು ಈ ಕೊಡದಲ್ಲಿ ಹಿಡಿಸಿದ್ದು ಹೇಗೆ, ನಾನು ನಂಬುವುದಿಲ್ಲ ಅನ್ನುತ್ತಾನೆ. ಜಿನ್ ತೋರಿಸಲು ಒಳಗೆ ಇಳಿಯುತ್ತದೆ, ಇವನು ಮುಚ್ಚಳ ಹಾಕುತ್ತಾನೆ.

ಜೀನಿ ನೀಲಿ ಯಾಕೆ?

ನೀಲಿ ಜೀನಿ ಲೋಕಕ್ಕೆಲ್ಲ ಗೊತ್ತಾದದ್ದು 1992ರ ಡಿಸ್ನಿ ಕಾರ್ಟೂನ್ ಚಿತ್ರದಿಂದ. ಹಳೆಯ ಕಥೆಗಳಲ್ಲಿ ನಿಗದಿಯಾದ ಬಣ್ಣವೇ ಇಲ್ಲ, ಬೇಕಾದ ರೂಪಕ್ಕೆ ಬದಲಾಗುವವರಿಗೆ ಒಂದೇ ಬಣ್ಣ ಯಾಕೆ ಬೇಕು?

ನಮ್ಮ ಭೂತ, ದೈವ ಮತ್ತು ಜಿನ್ ಒಂದೇನಾ?

ಒಂದೇ ಅಲ್ಲ, ಈ ಗೊಂದಲಕ್ಕೆ ಕಾರಣವೂ ಇದೆ. ನಾನು ಚಿಕ್ಕಂದಿನಲ್ಲಿ ಓದಿದ ಕನ್ನಡ ಪುಸ್ತಕದಲ್ಲಿ "ದೀಪದ ಭೂತ" ಅಂತ ಬರೆದಿತ್ತು. ಘಟ್ಟದ ಮೇಲಿನವರಿಗೆ ಭೂತ ಅಂದರೆ ದೆವ್ವ. ಕಾಸರಗೋಡು, ಮಂಜೇಶ್ವರದವರಿಗೆ ಭೂತ ಅಂದರೆ ದೈವ, ಕೋಲ ಕಟ್ಟಿ, ನುಡಿ ಕೇಳಿ, ಊರಿನ ತಗಾದೆ ತೀರಿಸಿಕೊಳ್ಳುವ ಶಕ್ತಿ. ದೀಪ ಉಜ್ಜಿದರೆ ಭೂತ ಬಂದು "ಅಪ್ಪಣೆ ಏನು ಒಡೆಯ" ಅನ್ನುತ್ತದೆ ಅಂತ ಓದಿದಾಗ ನನಗೆ ಗಾಬರಿಯಾಯಿತು. ನಮ್ಮಲ್ಲಿ ಅಪ್ಪಣೆ ಕೊಡುವುದು ಭೂತ, ತಲೆ ತಗ್ಗಿಸುವುದು ನಾವು.

ದೈವಗಳಲ್ಲಿ ಎಷ್ಟೋ ಜನ ಹಿಂದೆ ಮನುಷ್ಯರಾಗಿದ್ದು, ಅನ್ಯಾಯವಾಗಿ ಅಥವಾ ಕಾದಾಡಿ ಸತ್ತು ದೈವವಾದವರು. ಪಂಜುರ್ಲಿಯಂಥವು ಬೇರೆ ಹುಟ್ಟಿನವು. ಜಿನ್ನಿಗೆ ಕೋಲ ಇಲ್ಲ, ಪೂಜೆ ಇಲ್ಲ, ಅದಕ್ಕೆ ಪೂಜೆ ಸಲ್ಲಿಸುವುದು ಇಸ್ಲಾಂನಲ್ಲಿ ದೊಡ್ಡ ತಪ್ಪು.

ಹಾಗಾದರೆ ಕುಂಬಳೆ ಹತ್ತಿರದ ಆರಿಕ್ಕಾಡಿಯ ಆಲಿ ತೆಯ್ಯಂ? ಅದು ಜಿನ್ ತಾನೇ ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ. ಐತಿಹ್ಯದ ಪ್ರಕಾರ ಆಲಿ ಮಂತ್ರಶಕ್ತಿ ಇದ್ದ ಒಬ್ಬ ಮುಸ್ಲಿಂ ವ್ಯಾಪಾರಿ, ಸತ್ತ ಮೇಲೆ ದೈವವಾದ. ಭಗವತಿಯ ಸನ್ನಿಧಿಯಲ್ಲಿ ಅವನಿಗೆ ಕೋಲ ನಡೆಯುತ್ತದೆ. ಮೊಗವೀರರು ನಂಬುವ ಬೊಬ್ಬರ್ಯನೂ ಹಾಗೆ, ಕಡಲ ವ್ಯಾಪಾರದ ಬ್ಯಾರಿ ಮನೆತನದವನು ಅಂತ ಪಾಡ್ದನ, ಅಂದರೆ ತುಳುವಿನ ಕಥೆಹಾಡು, ಹೇಳುತ್ತದೆ. ಇಬ್ಬರೂ ಮನುಷ್ಯರಾಗಿ ಹುಟ್ಟಿದವರು. ನಮ್ಮೂರಿನ ಗುಣ ಇದು: ಹೊರಗಿನಿಂದ ಬಂದವನಿಗೂ ದೈವಗಳ ಸಾಲಿನಲ್ಲಿ ಜಾಗ ಕೊಟ್ಟಿದೆ. ಆದರೆ ಜಿನ್ನನ್ನು ಆ ಸಾಲಿಗೆ ಎಳೆಯಬೇಡಿ.

ಯಕ್ಷಿಯ ಹಾಗೆ ಹೆಣ್ಣು ಜಿನ್ ಇದೆಯಾ?

ಇದೆ. ಪಾಲೆ ಮರದ ಕೆಳಗೆ ನಿಂತು ಸುಣ್ಣ ಕೇಳುವ ಯಕ್ಷಿಯ ಕಥೆ ನಮಗೆ ಗೊತ್ತು. ಮೊರಾಕ್ಕೊದಲ್ಲಿ ಆಯಿಶಾ ಕಂದೀಶಾ ಇದ್ದಾಳೆ, ನೀರಿನ ಬಳಿ ಇರುವ ಚೆಲುವೆ, ಕಾಲು ನೋಡಿದರೆ ಮೇಕೆಯದ್ದೋ ಒಂಟೆಯದ್ದೋ. ಎಮಿರೇಟ್ಸ್‌ನಲ್ಲಿ ಉಮ್ಮ್ ದುವೈಸ್, ಅತ್ತರಿನ ಪರಿಮಳದಿಂದ ಗಂಡಸರನ್ನು ಸೆಳೆಯುವವಳು, ಕೈ ಕುಡುಗೋಲು. ಯಕ್ಷಿಗೆ ಪಾಲೆ ಹೂವಿನ ವಾಸನೆ, ಇವಳಿಗೆ ಅತ್ತರು. ರಾತ್ರಿ ಒಬ್ಬನೇ ತಿರುಗುವ ಗಂಡಸಿಗೆ ಹೇಳುವ ಬುದ್ಧಿಮಾತು ಎಲ್ಲ ಕಡೆ ಒಂದೇ ಥರ ಇದ್ದ ಹಾಗಿದೆ.

ಗಲ್ಫ್‌ನಲ್ಲಿ ಇರುವವರು ಹೇಳುವ ಜಿನ್ ಊರುಗಳು ನಿಜವಾಗಿ ಇವೆಯಾ?

ಊರುಗಳಂತೂ ಇವೆ. ನಮ್ಮ ಜಿಲ್ಲೆಯಲ್ಲಿ ಗಲ್ಫ್‌ಗೆ ಹೋದವರಿಲ್ಲದ ಓಣಿ ಇಲ್ಲ, ಹಾಗಾಗಿ ಜಿನ್ ಕಥೆಗಳು ಅತ್ತರು, ಖರ್ಜೂರದ ಜೊತೆಗೆ ಪೆಟ್ಟಿಗೆಯಲ್ಲೇ ಬರುತ್ತವೆ. ಒಮಾನ್‌ನ ಬಹ್ಲಾ ಜಿನ್ ಕಥೆಗಳಿಗೆ ಹೆಸರಾದ ಊರು. ಅಲ್ಲಿನ ಮಣ್ಣಿನ ಕೋಟೆ 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಒಮಾನ್‌ನಲ್ಲೇ ಮಜ್ಲಿಸ್ ಅಲ್ ಜಿನ್ ಅನ್ನುವ ಗುಹೆ ಇದೆ, ಹೆಸರಿನ ಅರ್ಥ ಜಿನ್‌ಗಳ ಚಾವಡಿ. ಒಳಗಿನ ಬಯಲು ಸುಮಾರು 310 ಮೀಟರ್ ಉದ್ದ, 225 ಮೀಟರ್ ಅಗಲ, ಎತ್ತರ ಸುಮಾರು 120 ಮೀಟರ್. ಜಗತ್ತಿನ ಅತಿ ದೊಡ್ಡ ಗುಹಾಕೋಣೆಗಳಲ್ಲಿ ಒಂದು. ರಾಸ್ ಅಲ್ ಖೈಮಾದ ಜಝೀರತ್ ಅಲ್ ಹಮ್ರಾ ಮೀನುಗಾರರ, ಮುತ್ತು ತೆಗೆಯುವವರ ಹಳೆಯ ಊರು, ಜನ ಬಿಟ್ಟು ಹೋದ ಮೇಲೆ ಜಿನ್ ಊರು ಅನ್ನಿಸಿಕೊಂಡಿತು. ಜನ ಬಿಟ್ಟ ಮನೆಗೆ ಬೇರೆ ಯಾರೋ ಬಂದು ಸೇರುತ್ತಾರೆ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಗಲ್ಫ್ ಹಣದಲ್ಲಿ ಕಟ್ಟಿಸಿ ಬೀಗ ಹಾಕಿಟ್ಟ ದೊಡ್ಡ ಮನೆಗಳ ಮುಂದೆ ನಡೆಯುವಾಗ ನನಗೆ ಇದು ನೆನಪಾಗುತ್ತದೆ.

ದೂರ ಹೋಗುವುದು ಬೇಡ ಅಂದರೆ ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಇದೆ. 1354ರ ಸುಮಾರಿಗೆ ಕಟ್ಟಿಸಿದ ಕೋಟೆಯ ಪಾಳು ಅದು. ಗುರುವಾರ ಜನ ಅಲ್ಲಿಗೆ ಬಂದು ಜಿನ್‌ಗಳಿಗೆ ಅರ್ಜಿ ಬರೆದು ಗೂಡುಗಳಲ್ಲಿ ಇಡುತ್ತಾರೆ. ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಒಂದೇ ಅರ್ಜಿಯ ಹಲವು ಜೆರಾಕ್ಸ್ ಮಾಡಿ ಬೇರೆ ಬೇರೆ ಗೂಡಿನಲ್ಲಿ ಇಡುವುದೂ ಉಂಟು, ಸರ್ಕಾರಿ ಕಚೇರಿಗೆ ಕೊಡುವ ಹಾಗೆ.

ರಾತ್ರಿ ಎದೆ ಮೇಲೆ ಯಾರೋ ಕೂತ ಹಾಗೆ ಆಗುತ್ತದೆ, ಕೂಗಲು ಆಗುವುದಿಲ್ಲ. ಅದು ಜಿನ್ನಾ?

ಇದನ್ನು ಕೇಳುವವರು ನಿಜವಾಗಿ ಹೆದರಿರುತ್ತಾರೆ, ಹಾಗಾಗಿ ನೇರವಾಗಿ ಹೇಳುತ್ತೇನೆ. ಇದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ. ಕನಸು ಬೀಳುವ ಹೊತ್ತಿನಲ್ಲಿ ಮೈಯ ಸ್ನಾಯುಗಳು ಸಡಿಲವಾಗಿ ಅಲುಗಾಡದ ಹಾಗೆ ಇರುತ್ತವೆ, ಕನಸಿನಲ್ಲಿ ಓಡಿದರೆ ಹಾಸಿಗೆಯಿಂದ ಎದ್ದು ಓಡಬಾರದಲ್ವಾ. ಕೆಲವು ಸಲ ಎಚ್ಚರ ಮೊದಲು ಬಂದು, ಮೈ ಬಿಡುಗಡೆಯಾಗುವುದು ತಡವಾಗುತ್ತದೆ. ಕಣ್ಣು ತೆರೆದಿದೆ, ಕನಸು ಇನ್ನೂ ಮುಗಿದಿಲ್ಲ. ಯಾರೋ ಕೋಣೆಯಲ್ಲಿದ್ದಾರೆ ಅನ್ನಿಸುತ್ತದೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ನಿದ್ದೆಗೆಟ್ಟವರಿಗೆ, ಪಾಳಿಯಲ್ಲಿ ದುಡಿಯುವವರಿಗೆ ಜಾಸ್ತಿ. ಪದೇ ಪದೇ ಆದರೆ ಡಾಕ್ಟರಿಗೆ ತೋರಿಸಿ.

"ಜಿನ್ನ್ ಕೂಡಿದೆ" ಅಂತ ಹೇಳುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಚಿಕ್ಕಮ್ಮನ ಮಗನಿಗೆ ಹತ್ತು ವರ್ಷವಿದ್ದಾಗ ಫಿಟ್ಸ್ ಶುರುವಾಯಿತು. ಒಬ್ಬ ಮಂತ್ರವಾದಿ ಅದು ಜಿನ್ನಿನ ಉಪದ್ರ ಅಂದ. ಹಿಂದೂ ಮನೆಯವರಾದ ನಾವೇ ನಂಬಿದೆವು, ಕಷ್ಟ ಬಂದಾಗ ಯಾರ ಬಾಗಿಲಾದರೂ ಸರಿ ಅನ್ನಿಸುತ್ತದೆ. ಏಳೆಂಟು ತಿಂಗಳು ನೂಲು, ತಾಯಿತ, ಮಂತ್ರಿಸಿದ ನೀರು. ಹುಡುಗ ಒಂದು ದಿನ ಬಚ್ಚಲಿನಲ್ಲಿ ಬಿದ್ದು ತಲೆ ಒಡೆದುಕೊಂಡ. ಆಮೇಲೆ ನರರೋಗ ತಜ್ಞರು ಕೊಟ್ಟ ಮಾತ್ರೆಯಿಂದ ಹತೋಟಿಗೆ ಬಂತು. "ಮೊದಲೇ ಆಸ್ಪತ್ರೆಗೆ ಹೋಗಿ ಅಂತ ನಾನು ಹೇಳಿರಲಿಲ್ವಾ" ಅಂತ ಬೈದದ್ದು ಯಾರು ಗೊತ್ತಾ, ಬೇಲಿಯಾಚೆಯ ಉಮ್ಮ. ಜಿನ್ ಇದೆ ಅಂತ ಪೂರ್ತಿ ನಂಬಿದವರು ಅವರು. ನಂಬಿಕೆ ಬೇರೆ, ಮಗುವಿನ ಔಷಧಿ ತಪ್ಪಿಸುವುದು ಬೇರೆ.

ಹಳೆಯ ಕಾಲದಲ್ಲಿ ಎಲ್ಲರೂ ಜಿನ್ ನಂಬುತ್ತಿದ್ದರಾ?

ಅನುಮಾನ ಪಟ್ಟವರೂ ಇದ್ದರು. 9ನೇ ಶತಮಾನದಲ್ಲಿ ಬಸ್ರಾದ ಅಲ್ ಜಾಹಿಜ್ ಪ್ರಾಣಿಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಈ ವಿಚಾರ ಎತ್ತುತ್ತಾನೆ. ಜನರಿಲ್ಲದ ಬಯಲಿನಲ್ಲಿ ತುಂಬಾ ಕಾಲ ಒಂಟಿಯಾಗಿದ್ದವನಿಗೆ ಸಣ್ಣದು ದೊಡ್ಡದಾಗಿ ಕಾಣುತ್ತದೆ, ಇಲ್ಲದ ಸದ್ದು ಕೇಳಿಸುತ್ತದೆ, ಆಮೇಲೆ ಅದನ್ನು ಪದ್ಯ ಮಾಡಿ ಮಕ್ಕಳಿಗೆ ಹೇಳುತ್ತಾನೆ ಅನ್ನುವ ಅರ್ಥದಲ್ಲಿ ಬರೆದಿದ್ದಾನೆ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ!

ಈಗಿನ ಫ್ಯಾಂಟಸಿಯಲ್ಲಿ ಜಿನ್ ಹೇಗಿದೆ?

ತುಂಬಾ ಕಾಲ ದೀಪದಲ್ಲಿ ಮಡಚಿಟ್ಟ ಕೆಲಸದಾಳಾಗಿತ್ತು. ಇತ್ತೀಚೆಗೆ ಬದಲಾಗಿದೆ, ಅದು ನನಗೆ ಖುಷಿ ಕೊಟ್ಟಿದೆ. ಹೆಲೆನ್ ವೆಕರ್ 2013ರಲ್ಲಿ ಬರೆದ ಕಾದಂಬರಿಯಲ್ಲಿ ಜಿನ್ 1899ರ ನ್ಯೂಯಾರ್ಕ್‌ನ ಸಿರಿಯನ್ ಕೇರಿಯಲ್ಲಿ, ರಿಪೇರಿಗೆ ಬಂದ ತಾಮ್ರದ ಪಾತ್ರೆಯಿಂದ ಹೊರಬಂದು ತಗಡಿನ ಕೆಲಸದವನ ಜೊತೆ ಕೆಲಸಕ್ಕೆ ಸೇರುತ್ತದೆ. ಊರು ಬಿಟ್ಟು ಬಂದವರ ಕಥೆ ಅದು. ಪಿ. ಜೆಲಿ ಕ್ಲಾರ್ಕ್ 2021ರ ಕಾದಂಬರಿಯಲ್ಲಿ 1912ರ ಕೈರೋ ಕಟ್ಟಿದ್ದಾರೆ. ಅಲ್ಲಿ ಜಿನ್‌ಗಳು ಊರಿನವರೇ, ಅವರ ತಂಟೆ ತಕರಾರು ನೋಡಲು ಸರ್ಕಾರಿ ಇಲಾಖೆಯೇ ಇದೆ.

ನಮ್ಮ ಪಕ್ಕದ ಮಲಬಾರಿನಲ್ಲೇ ಇನ್ನೂ ಹಳೆಯದಿದೆ. ಮೋಯಿನ್‌ಕುಟ್ಟಿ ವೈದ್ಯರು 1872ರಲ್ಲಿ, ತಮ್ಮ ಇಪ್ಪತ್ತರ ವಯಸ್ಸಿನಲ್ಲಿ, ಅರಬಿ ಮಲಯಾಳದಲ್ಲಿ, ಅಂದರೆ ಅರಬ್ಬಿ ಲಿಪಿಯ ಮಲಯಾಳದಲ್ಲಿ, ಬರೆದ ಪ್ರೇಮಕಾವ್ಯ ಬದರುಲ್ ಮುನೀರ್ ಹುಸ್ನುಲ್ ಜಮಾಲ್. ಅದರಲ್ಲೂ ಜಿನ್‌ಗಳಿವೆ. ಮಾಪ್ಪಿಳಪ್ಪಾಟ್, ಅಂದರೆ ಮಲಬಾರಿನ ಮುಸ್ಲಿಮರ ಹಾಡು, ಹಾಡುವವರ ಬಾಯಲ್ಲಿ ಈಗಲೂ ಉಳಿದಿದೆ.

ನಾನು ಕನ್ನಡದಲ್ಲಿ ಜಿನ್ ಕಥೆ ಬರೆಯಬೇಕು. ಹೇಗೆ?

ದೀಪ ಬಿಡಿ. ವರವನ್ನೂ ಬಿಡಿ. ಜಿನ್ನಿಗೆ ಒಂದು ಮನೆ ಕೊಡಿ, ಅಪ್ಪ ಅಮ್ಮ ಕೊಡಿ, ಒಂದು ಭಾಷೆ ಕೊಡಿ. ಏಳು ಭಾಷೆಯ ಊರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಸರಗೋಡಿನಲ್ಲಿ ಇನ್ನೊಂದು ಭಾಷೆಗೆ ಜಾಗ ಇಲ್ಲದೆ ಹೋದೀತಾ?

ನಮ್ಮ ಸುರಂಗಗಳನ್ನೇ ನೋಡಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಬ್ಬನೇ ಬಗ್ಗಿ ಕೂತು ಹಾರೆಯಿಂದ ಅಗೆದು, ಜಿನುಗುವ ನೀರನ್ನು ಅಡಿಕೆ ತೋಟಕ್ಕೆ ಹರಿಸುತ್ತಾರೆ. ಎಣ್ಣೆ ದೀಪ ಆರಿದರೆ ಉಸಿರಿಗೆ ಗಾಳಿ ಸಾಲದು ಅಂತ ಹೊರಗೆ ಬರುತ್ತಾರೆ. ಆ ಕತ್ತಲಲ್ಲಿ, ಗುಡ್ಡದ ಒಳಗಡೆ, ಯಾರದ್ದೋ ಅಂಗಳಕ್ಕೆ ಹಾರೆ ತಾಗಿದರೆ? ಆ ನೀರು ಅವರದ್ದೂ ಆಗಿದ್ದರೆ? ಬೇಸಗೆಯಲ್ಲಿ ಎರಡು ಮನೆಯವರು ನೀರಿಗೆ ಜಗಳವಾಡುವುದು ನಮಗೆ ಗೊತ್ತು. ಮೂರನೆಯ ಮನೆ ಕಾಣದ್ದು ಅಂದುಕೊಂಡು ಬರೆಯಿರಿ. ಕರಾರು ಹೇಗೆ, ಸಾಕ್ಷಿ ಯಾರು, ಮಾತು ತಪ್ಪಿದರೆ ಏನು, ಅಲ್ಲಿ ಕಥೆ ಹುಟ್ಟುತ್ತದೆ.

ಒಂದು ವಿನಂತಿ. ಜಿನ್ನನ್ನು ಮುಸ್ಲಿಂ ಪಾತ್ರಕ್ಕೆ ಭಯಾನಕ ಬಣ್ಣ ಹಚ್ಚಲು ಬಳಸಬೇಡಿ. ಮತ್ತು ಬರೆದ ಮೇಲೆ, ಜಿನ್ ನಂಬುವ ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ. ಎಲ್ಲಿ ಸುಳ್ಳಾಗಿದೆ ಅಂತ ಅವರು ಕೂಡಲೇ ಹೇಳುತ್ತಾರೆ.

ಮಕ್ಕಳಿಗೆ ಜಿನ್ ಕಥೆ ಹೇಳಬಹುದಾ, ಹೆದರುವುದಿಲ್ವಾ?

ಹೇಳಬಹುದು, ಮೀನುಗಾರನ ಕಥೆಯಿಂದ ಶುರು ಮಾಡಿ. ರಾತ್ರಿ ಮಲಗುವ ಹೊತ್ತಿಗೆ ಬೇಡ, ಸಂಜೆ ಬೆಳಕಿರುವಾಗ ಸಾಕು. ಮುಚ್ಚಳ ಹಾಕುವ ಜಾಗಕ್ಕೆ ಬಂದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಪ್ರತಿ ಸಲ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ತಟ್ಟಲಿಲ್ಲ. ಅವನ ಅಪ್ಪ ಶಾರ್ಜಾದಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಎಲ್ಲರೂ ಹೋದ ಮೇಲೆ ಚಪ್ಪಲಿ ಹುಡುಕುತ್ತಾ, "ಮಾಮ, ಆ ಜಿನ್ನಿನ ಮನೆಯಲ್ಲಿ ಯಾರೆಲ್ಲ ಇದ್ದರು? ಅಷ್ಟು ವರ್ಷ ಅವನನ್ನು ಯಾರೂ ಹುಡುಕಲಿಲ್ವಾ?" ಅಂತ ಕೇಳಿದ. ಕಥೆಯಲ್ಲಿ ಅದಕ್ಕೆ ಉತ್ತರ ಇಲ್ಲ. ಮುಂದಿನ ಶನಿವಾರ ನಾವೆಲ್ಲ ಕೂತು ಅಲ್ಲಿಂದಲೇ ಶುರು ಮಾಡಿದೆವು. ಜಿನ್ನಿನ ತಂಗಿ ಒಬ್ಬಳು ದಿನಾ ಸಂಜೆ ಕಡಲ ಕರೆಗೆ ಬಂದು, ತೆರೆ ತಂದು ಹಾಕಿದ ಪ್ರತಿ ಕೊಡವನ್ನೂ ಕಿವಿಗೆ ಹಿಡಿದು ನೋಡುತ್ತಾಳೆ. ಇಷ್ಟರವರೆಗೆ ಬಂದಿದೆ, ಉಳಿದದ್ದನ್ನು ಆ ಹುಡುಗ ಬರೆಯುತ್ತಿದ್ದಾನೆ.